ಹಿಂಬದಿ ಟರ್ಬೊಗೆ ಆಯಿಲ್, ಕೂಲೆಂಟ್ ಪೈಪು ಎಳೆದ ಬಗೆ

ಟರ್ಬೊ (ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಂಜಿನ್ನಿನ ಪಕ್ಕದಲ್ಲಿದ್ದರೆ ಅದರ ಆಯಿಲ್ ತನ್ನ ಭಾರಕ್ಕೆ ತಾನೇ ಸಂಪಿಗೆ, ಅಂದರೆ ಇಂಜಿನ್ ಅಡಿಯ ಆಯಿಲ್ ತೊಟ್ಟಿಗೆ, ಇಳಿದುಹೋಗುತ್ತದೆ. ಅದನ್ನೇ ಕಾರಿನ ಹಿಂದಕ್ಕೆ, ಸೈಲೆನ್ಸರ್ ಇದ್ದ ಜಾಗಕ್ಕೆ ಒಯ್ದಾಗ ಟರ್ಬೊ ಸಂಪಿನ ಆಯಿಲ್ ಮಟ್ಟಕ್ಕಿಂತ ಕೆಳಗೆ ಕೂರುತ್ತದೆ. ಆಗ ಆಯಿಲ್ ಕಳಿಸುವುದು ಸುಲಭ, ವಾಪಸು ತರುವುದೇ ಕಷ್ಟ. ನಾನು ಇದನ್ನು ಮಾಡಿದ್ದು ಅಮೆರಿಕದಲ್ಲಿ, 5.7 ಲೀಟರಿನ ಎಲ್‌ಎಸ್1 ಇಂಜಿನ್ ಇರುವ ಕಮಾರೊದಲ್ಲಿ (1998ರಿಂದ 2002ರ ಮಾದರಿ). ಟರ್ಬೊ ಜರ್ನಲ್ ಬೇರಿಂಗಿನದು (ಶಾಫ್ಟ್ ಆಯಿಲ್ ಪದರದ ಮೇಲೆ ತಿರುಗುವಂಥದು), ನೀರಿನ ಜಾಕೆಟ್ ಇರುವಂಥದು.

ಆಯಿಲ್ ತೆಗೆದದ್ದು ಆಯಿಲ್ ಫಿಲ್ಟರಿನ ಮೇಲ್ಗಡೆ, ಸಂಪಿನ ಬದಿಯಲ್ಲಿ ಎರಡು ಬೋಲ್ಟಿನ ಚಿಕ್ಕ ಮುಚ್ಚಳ ಇರುವ ಕಡೆಯಿಂದ. ಅದರ ಬದಲಿಗೆ ತೂತು, ಥ್ರೆಡ್ ಇರುವ ಪ್ಲೇಟು ಹಾಕಿದರೆ ಆಯಿತು. ಅಲ್ಲಿಂದ ಟರ್ಬೊವರೆಗೆ ಸುಮಾರು 4 ಮೀಟರ್, ಎಎನ್ 4 ಅಳತೆ (ಎಎನ್ ಎಂದರೆ ಹೋಸ್, ಫಿಟ್ಟಿಂಗುಗಳ ಅಳತೆ; ಸಂಖ್ಯೆ ಹೆಚ್ಚಾದಷ್ಟೂ ಪೈಪು ದಪ್ಪ), ಒಳವ್ಯಾಸ ಹತ್ತಿರಹತ್ತಿರ 5.6 ಮಿ.ಮೀ. ಇಷ್ಟು ಸಣ್ಣ ಪೈಪು ಸಾಕೇ ಎಂದು ಲೆಕ್ಕ ಹಾಕಿ ನೋಡಿದ್ದೇನೆ: ನಿಮಿಷಕ್ಕೆ 2 ಲೀಟರ್ ಹರಿದರೆ, 5ಡಬ್ಲ್ಯು-30 ಆಯಿಲ್ 100 ಡಿಗ್ರಿಯಲ್ಲಿರುವಾಗ ಪೈಪಿನಲ್ಲಿ ಅರ್ಧ ಬಾರ್ ಒತ್ತಡ ಕಳೆದುಹೋಗುತ್ತದೆ. ಅದೇ ಆಯಿಲ್ 40 ಡಿಗ್ರಿಯಲ್ಲಿದ್ದರೆ ಕಳೆಯುವುದು ಸುಮಾರು 2.8 ಬಾರ್. ಅಂದರೆ ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ಒತ್ತಬಾರದು. ಹಿಮ ಬೀಳುವ ಊರಿನಲ್ಲಿ ವರ್ಷವಿಡೀ ಓಡಿಸುವವರು ಎಎನ್ 6 ಎಳೆದು ಟರ್ಬೊ ಹತ್ತಿರ 4ಕ್ಕೆ ಇಳಿಸುವುದು ಒಳ್ಳೆಯದು. ಬಾಲ್ ಬೇರಿಂಗ್ ಟರ್ಬೊ (ಶಾಫ್ಟ್ ಗುಂಡುಗಳ ಮೇಲೆ ತಿರುಗುವಂಥದು) ಆದರೆ ಸುಮಾರು 1 ಮಿ.ಮೀ. ತೂತಿನ ರಿಸ್ಟ್ರಿಕ್ಟರ್ (ಹರಿವು ತಗ್ಗಿಸುವ ತುಂಡು) ಬೇಕು. ಅದನ್ನು ಟರ್ಬೊ ಬಾಯಿಯಲ್ಲೇ ಹಾಕಿ. ಇಂಜಿನ್ ಕಡೆ ಹಾಕಿದರೆ ಇಷ್ಟುದ್ದ ಪೈಪು ತುಂಬಿ ಒತ್ತಡ ಏರುವಷ್ಟರಲ್ಲಿ ಬೇರಿಂಗು ಒಣಗಿಯೇ ತಿರುಗಿರುತ್ತದೆ.

ಫೀಡ್ ಪೈಪಿನಲ್ಲಿ (ಟರ್ಬೊಗೆ ಆಯಿಲ್ ಒಯ್ಯುವ ಪೈಪು) ಚೆಕ್ ವಾಲ್ವ್, ಅಂದರೆ ಒಂದೇ ದಿಕ್ಕಿಗೆ ಹರಿಯಗೊಡುವ ವಾಲ್ವ್, ಹಾಕಲೇಬೇಕು. ಇಂಜಿನ್ ನಿಂತ ಮೇಲೆ ಮೇಲಿರುವ ಆಯಿಲ್ ಗ್ಯಾಲರಿಗಳಿಂದ (ಇಂಜಿನ್ನೊಳಗಿನ ಆಯಿಲ್ ದಾರಿಗಳು) ಆಯಿಲ್ ಮೆಲ್ಲಗೆ ಟರ್ಬೊಗೆ ಇಳಿಯುತ್ತಲೇ ಇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಅರ್ಧ ಮೀಟರ್ ಎತ್ತರದ ಆಯಿಲ್ ಕೊಡುವ ಒತ್ತಡ ಬರೀ 0.04 ಬಾರ್. ಹಾಗಾಗಿ 0.2ರಿಂದ 0.35 ಬಾರಿಗೆ (3ರಿಂದ 5 ಪಿಎಸ್‌ಐ) ತೆರೆಯುವ ವಾಲ್ವ್ ಧಾರಾಳ ಸಾಕು. ಅದಕ್ಕಿಂತ ಗಟ್ಟಿ ಸ್ಪ್ರಿಂಗ್ ಬೇಡ, ಐಡಲ್‌ನಲ್ಲಿ ಟರ್ಬೊಗೆ ಸಿಗಬೇಕಾದ ಒತ್ತಡವನ್ನು ಅದೇ ತಿಂದುಹಾಕುತ್ತದೆ. ವಾಲ್ವನ್ನೂ ಟರ್ಬೊ ಪಕ್ಕದಲ್ಲೇ ಕೂರಿಸಿದರೆ ಪೈಪು ತುಂಬಿಯೇ ಉಳಿಯುತ್ತದೆ.

ಇನ್ನು ವಾಪಸು ದಾರಿ. ಟರ್ಬೊದೊಳಗಿನ ಸೀಲುಗಳೆಂದರೆ ಪಿಸ್ಟನ್ ರಿಂಗಿನಂಥ ಬಳೆಗಳು, ನಿಂತ ಆಯಿಲನ್ನು ಅವು ತಡೆಯಲಾರವು. ಹೌಸಿಂಗಿನಲ್ಲಿ ಆಯಿಲ್ ನಿಂತಿತೆಂದರೆ ಅದು ಹೊಗೆ ಹಾಯುವ ಟರ್ಬೈನ್ ಕಡೆಗೋ ಗಾಳಿ ಒತ್ತುವ ಕಂಪ್ರೆಸರ್ ಕಡೆಗೋ ನುಗ್ಗುತ್ತದೆ. ಅದಕ್ಕಾಗಿ ಟರ್ಬೊದ ಡ್ರೇನ್ ಬಾಯಿಯ ನೇರ ಕೆಳಗೆ 300 ಮಿ.ಲೀ. ಹಿಡಿಯುವ ಸಣ್ಣ ಡಬ್ಬಿ ಬೆಸುಗೆ ಹಾಕಿಸಿದೆ. ಡ್ರೇನ್ ನೆಟ್ಟಗಿನಿಂದ 35 ಡಿಗ್ರಿಗಿಂತ ಹೆಚ್ಚು ವಾಲಬಾರದು, ಅಲ್ಲಿ ಎಎನ್ 10ಕ್ಕಿಂತ ಸಣ್ಣದು ಬೇಡ. ಡಬ್ಬಿಯ ಮೇಲಿನಿಂದ ಒಂದು ಗಾಳಿಪೈಪು ಮೇಲಕ್ಕೆ ಹೋಗಿ ವಾಲ್ವ್ ಕವರಿಗೆ (ಇಂಜಿನ್ನಿನ ಮೇಲ್ಭಾಗದ ಮುಚ್ಚಳ) ಸೇರುತ್ತದೆ. ರಿಂಗುಗಳನ್ನು ದಾಟಿ ಬರುವ ಅನಿಲಕ್ಕೆ ದಾರಿ ಇಲ್ಲದಿದ್ದರೆ ಅದು ಡ್ರೇನಿನಲ್ಲಿ ಆಯಿಲನ್ನೇ ತಡೆದು ನಿಲ್ಲಿಸುತ್ತದೆ. ಈ ಗಾಳಿಪೈಪನ್ನು ಬಹಳ ಜನ ಮರೆಯುತ್ತಾರೆ, ಆಮೇಲೆ ಹೊಗೆ ಕಂಡು ಟರ್ಬೊವನ್ನೇ ಬದಲಿಸುತ್ತಾರೆ.

ಡಬ್ಬಿಯ ಆಯಿಲನ್ನು ಇಂಜಿನ್ನಿಗೆ ವಾಪಸು ಎಳೆದು ತರಲು ವಿದ್ಯುತ್ ಪಂಪು ಬೇಕು. ಅದನ್ನು ಆರಿಸುವ ಮುಂಚೆ ಅಳತೆ ಮಾಡಿ. ಡ್ರೇನ್ ಹೋಸನ್ನು ಒಂದು ಕ್ಯಾನಿಗೆ ಬಿಟ್ಟು, ಇಂಜಿನ್ ಬಿಸಿಯಾದ ಮೇಲೆ 2,000 ಆರ್‌ಪಿಎಂನಲ್ಲಿ 30 ಸೆಕೆಂಡು ಮಾತ್ರ ಓಡಿಸಿ, ಬಂದಷ್ಟು ಆಯಿಲನ್ನು ಅಳೆದು ತಕ್ಷಣ ವಾಪಸು ಹಾಕಿ. ನನ್ನದರಲ್ಲಿ ಸುಮಾರು 1 ಲೀಟರ್ ಬಂತು, ಅಂದರೆ ನಿಮಿಷಕ್ಕೆ 2. ಪಂಪು ಬಿಸಿ ಆಯಿಲಿನಲ್ಲಿ ಅದರ ಎರಡರಷ್ಟಾದರೂ ಎಳೆಯಬೇಕು, ಏಕೆಂದರೆ ಅದು ಎಳೆಯುವುದರಲ್ಲಿ ನೊರೆ, ಗಾಳಿಯೂ ಸೇರಿರುತ್ತದೆ. ಡಬ್ಬಿಗಿಂತ ಪಂಪು ಸ್ವಲ್ಪ ತಗ್ಗಿನಲ್ಲಿರಲಿ. ನಡುವಿನ ಹೋಸು 30 ಸೆಂ.ಮೀ. ಒಳಗೆ, ಒಳಕ್ಕೆ ಕುಸಿಯದಂಥ ಗಟ್ಟಿ ಹೋಸು. ನಡುವೆ ಬಿಚ್ಚಿ ತೊಳೆಯಲು ಬರುವ ಜಾಲರಿ ಫಿಲ್ಟರ್. ಪಂಪಿನಿಂದ ಮುಂದಕ್ಕೆ ಎಎನ್ 6 ಸಾಕು. ಗೇರ್ ಪಂಪಾದರೆ ನಿಂತಾಗ ಪೈಪಿನ ಆಯಿಲ್ ಅದರೊಳಗಿಂದಲೇ ಹಿಂದಕ್ಕೆ ಜಾರುತ್ತದೆ, ಹಾಗಾಗಿ ಅದರ ಮುಂದೆ ಇನ್ನೊಂದು ಚೆಕ್ ವಾಲ್ವ್ ಬೇಕು. ಡಯಾಫ್ರಾಮ್ ಪಂಪಿನೊಳಗೆ ವಾಲ್ವುಗಳು ಇದ್ದೇ ಇರುತ್ತವೆ, ಆದರೆ ಅದರ ರಬ್ಬರ್ ಬಿಸಿ ಆಯಿಲ್ ತಾಳುತ್ತದೋ ಎಂದು ಕೇಳಿಯೇ ಕೊಳ್ಳಿ.

ಪಂಪಿನ ವೈರಿಂಗಿಗೆ ರಿಲೇ, ಪ್ರತ್ಯೇಕ ಫ್ಯೂಸ್. ಕೀ ತಿರುಗಿಸಿದ ಕೂಡಲೇ ಚಾಲೂ, ಕೀ ತೆಗೆದ ಮೇಲೆ 45 ಸೆಕೆಂಡು ಟೈಮರ್. ಪಂಪು ಕೆಟ್ಟರೆ ತಿಳಿಯಬೇಕಲ್ಲ, ಅದಕ್ಕೆ ಹಲವರು ಪಂಪಿನ ಮುಂದೆ ಪ್ರೆಶರ್ ಸ್ವಿಚ್ ಹಾಕುತ್ತಾರೆ. ಅದನ್ನು ನಾನು ನಂಬುವುದಿಲ್ಲ. ಬಿಸಿ ಆಯಿಲ್ ವಾಪಸು ಪೈಪಿನಲ್ಲಿ ಹುಟ್ಟಿಸುವ ಒತ್ತಡ ಹೆಚ್ಚೆಂದರೆ 2 ಪಿಎಸ್‌ಐ. 3 ಪಿಎಸ್‌ಐ ಸ್ವಿಚ್ಚು ಪಂಪು ಚೆನ್ನಾಗಿದ್ದಾಗಲೂ ಒದರುತ್ತಲೇ ಇರುತ್ತದೆ. ಡಬ್ಬಿಯೊಳಗೆ ಲೋಹದ ಫ್ಲೋಟ್ ಸ್ವಿಚ್ ಹಾಕಿ, ಮುಕ್ಕಾಲು ಮಟ್ಟಕ್ಕೆ ಬಂದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಮತ್ತು ಬಜರ್. ಬಜರ್ ಕೂಗಿದರೆ ಇಂಜಿನ್ ನಿಲ್ಲಿಸಬೇಕು, ಮನೆವರೆಗೆ ಹೋಗಿಬಿಡೋಣ ಅನ್ನಬಾರದು.

ವಾಪಸು ಆಯಿಲನ್ನು ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಬಿಡುವುದು ಉತ್ತಮ. ಆದರೆ ಈ ಕಾರಿನಲ್ಲಿ ಸಂಪು ಬಿಚ್ಚಬೇಕೆಂದರೆ ಮುಂದಿನ ಕೆ-ಮೆಂಬರ್ (ಇಂಜಿನ್ ಕೂರುವ ಅಡ್ಡ ಚೌಕಟ್ಟು) ಇಳಿಸಬೇಕು. ಅದಕ್ಕೆ ನಾನು ವಾಲ್ವ್ ಕವರಿಗೆ ಬಿಟ್ಟೆ. ಪಿಸಿವಿ (ಇಂಜಿನ್ನೊಳಗಿನ ಆವಿಯನ್ನು ಇಂಟೇಕಿಗೆ ಕಳಿಸುವ ವಾಲ್ವ್) ಎಳೆಯುವ ಕವರಿಗಲ್ಲ, ಇನ್ನೊಂದಕ್ಕೆ. ಬಾಯಿಯ ಕೆಳಗೆ ಒಂದು ತಗಡು ಅಡ್ಡ ಕೊಟ್ಟರೆ ನೊರೆ ಕಡಿಮೆ. ಫೀಡ್ ಪೈಪು 100 ಮಿ.ಲೀ., ವಾಪಸು ಪೈಪು ತುಂಬಿದರೆ 240 ಮಿ.ಲೀ. ಹಿಡಿಯುತ್ತದೆ, ಡಬ್ಬಿಯದು ಬೇರೆ. ಅರ್ಧ ಲೀಟರಿನಷ್ಟು ಹೆಚ್ಚು ಆಯಿಲ್ ಹೋಗುತ್ತದೆ. ಓಡಿಸಿ, ನಿಲ್ಲಿಸಿ, ಡಿಪ್‌ಸ್ಟಿಕ್ ನೋಡಿ ತುಂಬಿಸಿ.

ಕೂಲೆಂಟಿಗೆ ಹೀಟರ್ ಹೋಸುಗಳಲ್ಲಿ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಎಎನ್ 6ರಲ್ಲಿ ಹೋಗಲು ಒಂದು, ಬರಲು ಒಂದು. ಒಟ್ಟು ಅರ್ಧ ಲೀಟರ್ ಹೆಚ್ಚು ಹಿಡಿಯುತ್ತದೆ. ಎರಡು ಟೀಗಳ ಬಳಿಯೂ ಬಾಲ್ ವಾಲ್ವ್ ಇರಲಿ. ಹಿಂದೆ ಹೋಸ್ ಒಡೆದರೆ ಅಲ್ಲೇ ಮುಚ್ಚಿ, ಕೂಲೆಂಟ್ ತುಂಬಿಸಿ, ಬೂಸ್ಟ್ (ಟರ್ಬೊ ಕೊಡುವ ಗಾಳಿಯೊತ್ತಡ) ಇಲ್ಲದೆ ಮನೆ ಸೇರಬಹುದು. ನೀರಿನ ಮುಖ್ಯ ಕೆಲಸ ಇಂಜಿನ್ ನಿಂತ ಮೇಲೆ: ಟರ್ಬೈನಿನ ಕಾವು ಬೇರಿಂಗಿಗೆ ಹರಿದು ಆಯಿಲ್ ಕರಕಲಾಗುವುದನ್ನು ತಡೆಯುವುದು. ಮುಂದೆ ಕೂತ ಟರ್ಬೊದಲ್ಲಿ ಬಿಸಿ ನೀರು ತಾನೇ ಮೇಲೇರಿ ಸುತ್ತುತ್ತದೆ. 4 ಮೀಟರ್ ಮಟ್ಟಸ ಪೈಪಿನಲ್ಲಿ ಅದು ನಡೆಯುವುದಿಲ್ಲ, 12 ವೋಲ್ಟಿನ ಸಣ್ಣ ಪಂಪು ಹಾಕಿ 3 ನಿಮಿಷ ಓಡಿಸಬೇಕು. ನೀರು ಕೆಳಗಿನ ಬಾಯಿಂದ ಒಳಗೆ, ಮೇಲಿನದರಿಂದ ಹೊರಗೆ. ಪೈಪು ಎಲ್ಲೂ ಗೂನಾಗಿ ಎದ್ದು ಇಳಿಯಬಾರದು, ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಜರ್ನಲ್ ಬೇರಿಂಗಿಗೆ ನೀರಿಲ್ಲದೆಯೂ ನಡೆದೀತು, ಇಷ್ಟು ದೂರ ಬರುವಷ್ಟರಲ್ಲಿ ಹೊಗೆಯ ಕಾವು ಇಳಿದಿರುತ್ತದೆ. ಬಾಲ್ ಬೇರಿಂಗಿಗೆ ಮಾತ್ರ ನೀರು ತಪ್ಪಿಸಬೇಡಿ.

ಪೈಪು ಎಳೆಯುವಾಗ ನೇರ ಭಾಗಕ್ಕೆ ಲೋಹದ ಕೊಳವೆ, ತುದಿಗಳಿಗೆ ಮಾತ್ರ ಹೋಸು. 40 ಸೆಂ.ಮೀ.ಗೊಂದು ಕ್ಲಿಪ್. ಜ್ಯಾಕ್ ಕೊಡುವ ಜಾಗ, ಬ್ರೇಕ್ ಮತ್ತು ಪೆಟ್ರೋಲ್ ಪೈಪು, ಡ್ರೈವ್‌ಶಾಫ್ಟ್ ಇವುಗಳಿಂದ ದೂರ. ಹಿಂದಿನ ಆಕ್ಸಲ್ ಪೂರ್ತಿ ಇಳಿದಾಗಲೂ ಪೂರ್ತಿ ಎದ್ದಾಗಲೂ ತಾಗುವುದಿಲ್ಲವೆಂದು ನೋಡಿ. ಟೇಪರ್ ಥ್ರೆಡ್ಡಿಗೆ ಬಿಳಿ ಟೇಪು ಸುತ್ತಬೇಡಿ, ಅದರ ಚೂರು ಹೋಗಿ ರಿಸ್ಟ್ರಿಕ್ಟರ್ ಮುಚ್ಚುತ್ತದೆ. ದ್ರವ ಸೀಲೆಂಟ್ ಬಳಸಿ. ಎಎನ್ ಫಿಟ್ಟಿಂಗಿನ ಇಳಿಜಾರು ಮುಖಕ್ಕೆ ಏನೂ ಬೇಡ. ಹೋಸ್ ಕತ್ತರಿಸಿದ ಮೇಲೆ ಒಳಗೆ ತಂತಿ ಚೂರು ಉಳಿದಿರುತ್ತವೆ, ತೊಳೆದು ಗಾಳಿ ಊದಿ.

ಮೊದಲ ಸ್ಟಾರ್ಟಿಗೆ ಮುಂಚೆ ಟರ್ಬೊ ಬಾಯಿಗೆ ಆಯಿಲ್ ಹಾಕಿ, ಇಂಜೆಕ್ಟರ್ ಫ್ಯೂಸ್ ತೆಗೆದು, ಡ್ರೇನಿನಲ್ಲಿ ಆಯಿಲ್ ಕಾಣುವವರೆಗೆ 10 ಸೆಕೆಂಡಿನಂತೆ ಬಿಟ್ಟು ಬಿಟ್ಟು ಕ್ರ್ಯಾಂಕ್ ಮಾಡಿ. ಆಮೇಲೆ ಹೊಗೆ ಬಂದರೆ ಯಾವಾಗ ಬರುತ್ತದೆಂದು ಗಮನಿಸಿ. ಬೆಳಗಿನ ಸ್ಟಾರ್ಟಿನಲ್ಲಿ ಮಾತ್ರ ಬಂದರೆ ಚೆಕ್ ವಾಲ್ವಿನದು. ಬಹಳ ಹೊತ್ತು ಐಡಲ್‌ನಲ್ಲಿ ನಿಂತ ಮೇಲೆ ಬಂದರೆ ಜಾಲರಿ ಕಟ್ಟಿದೆ ಅಥವಾ ಪಂಪು ಸೋತಿದೆ. ಇಂಟೇಕ್ ಪೈಪಿನೊಳಗೆ ಆಯಿಲ್ ಕಂಡರೆ ಏರ್ ಫಿಲ್ಟರ್ ಮುಚ್ಚಿದೆಯೇ ನೋಡಿ, ಕಂಪ್ರೆಸರ್ ಬಾಯಲ್ಲಿ ಎಳೆತ ಹೆಚ್ಚಾದಾಗ ಸೀಲು ದಾಟಿ ಆಯಿಲ್ ಬರುತ್ತದೆ.