ಅತ್ತೆಯ ಬಳೆ, ನಮ್ಮ ಎರಡು ಕಾರ್ಡು: ₹2,10,000 ಸಾಲ 17 ತಿಂಗಳಲ್ಲಿ ತೀರಿಸಿದ ಲೆಕ್ಕ

ಮೊದಲು ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ. ಮೊಬೈಲಿನಲ್ಲಿ ನೋಡಿದರೆ ಸಾಲದು, ಅಲ್ಲಿ ಕಣ್ಣು ಸೀದಾ ‘ಮಿನಿಮಮ್ ಡ್ಯೂ’, ಅಂದರೆ ಆ ತಿಂಗಳು ಕಡೇಪಕ್ಷ ಕಟ್ಟಬೇಕಾದ ಮೊತ್ತದ ಮೇಲೆ ಹೋಗಿ ನಿಲ್ಲುತ್ತದೆ. ನಾವು 2023ರ ಏಪ್ರಿಲ್‌ನಲ್ಲಿ ಎರಡು ಕಾರ್ಡಿನ ಆರು ತಿಂಗಳ ಸ್ಟೇಟ್‌ಮೆಂಟ್ ಪ್ರಿಂಟ್ ಹಾಕಿಸಿ ಊಟದ ನಂತರ ಚಾಪೆ ಮೇಲೆ ಹರಡಿಕೊಂಡು ಕೂತೆವು. ನಾನು, ನಮ್ಮನೆಯವರು, ಅತ್ತೆ. ಅತ್ತೆಯನ್ನು ಕೂರಿಸಿಕೊಳ್ಳುವುದು ಬೇಡ ಅಂತ ಇವರು ಅಂದರು. ನಾನು ಒಪ್ಪಲಿಲ್ಲ. ಮನೆಯ ಹಾಲು, ತರಕಾರಿ, ಹಬ್ಬದ ಖರ್ಚೆಲ್ಲ ಅವರ ಕೈಯಲ್ಲಿ ನಡೆಯುತ್ತದೆ. ಅವರಿಗೇ ಗೊತ್ತಿಲ್ಲದೆ ಯಾವ ಬಜೆಟ್ ನಿಲ್ಲುತ್ತದೆ?

ನಮ್ಮದು ಶಿವಮೊಗ್ಗ. ನಾನು ಖಾಸಗಿ ಶಾಲೆಯಲ್ಲಿ ಟೀಚರ್, ಸಂಬಳ ₹24,000. ಇವರು ಟೈಲ್ಸ್ ಅಂಗಡಿಯಲ್ಲಿ ಕೆಲಸ, ₹31,000. ಇಬ್ಬರು ಮಕ್ಕಳು. ಅತ್ತೆಗೆ ಆಪರೇಷನ್ ಆದಾಗ ₹95,000 ಕಾರ್ಡಿನಲ್ಲಿ ಉಜ್ಜಿದ್ದು ಸಾಲದ ಬೇರು. ಅದರ ಮೇಲೆ ಜೂನ್ ತಿಂಗಳ ಶಾಲೆ ಫೀಸು, ಫ್ರಿಜ್ಜು, ದಿನಸಿ. ಹದಿನಾಲ್ಕು ತಿಂಗಳು ಒಂದು ಕಂತೂ ತಪ್ಪದೆ ಮಿನಿಮಮ್ ಕಟ್ಟಿದ್ದೆವು. ಆದರೂ ಇವರ ಕಾರ್ಡಿನಲ್ಲಿ ₹1,42,000, ನನ್ನದರಲ್ಲಿ ₹68,000 ನಿಂತಿತ್ತು.

ಯಾಕೆ ಅಂತ ಆ ಕಾಗದಗಳೇ ಹೇಳಿದವು. ಬಡ್ಡಿ ತಿಂಗಳಿಗೆ ಶೇ. 3.5. ಕೇಳೋಕೆ ಸಣ್ಣ ಸಂಖ್ಯೆ, ವರ್ಷಕ್ಕೆ ಶೇ. 42. ₹1,42,000ಕ್ಕೆ ತಿಂಗಳ ಬಡ್ಡಿ ₹4,970. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ₹895. ಒಟ್ಟು ₹5,865. ಮಿನಿಮಮ್ ಡ್ಯೂ ಶೇ. 5, ಅಂದರೆ ₹7,100. ಅಷ್ಟು ಕಟ್ಟಿದರೆ ಅಸಲಿಗೆ ಹೋಗುವುದು ₹1,235. ನಿಮ್ಮ ಸ್ಟೇಟ್‌ಮೆಂಟ್ ತೆಗೆದು ಇದೇ ಲೆಕ್ಕ ಪೆನ್ನಿನಲ್ಲಿ ಮಾಡಿ. ಬಡ್ಡಿ ಮತ್ತು ಜಿಎಸ್‌ಟಿ ಸಾಲುಗಳನ್ನು ಕೂಡಿಸಿ, ನೀವು ಕಟ್ಟಿದ ಮೊತ್ತದಿಂದ ಕಳೆಯಿರಿ. ಉಳಿದದ್ದಷ್ಟೇ ನೀವು ಆ ತಿಂಗಳು ತೀರಿಸಿದ ಸಾಲ.

ಇನ್ನೊಂದು ವಿಷಯ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ, ನನ್ನ ಜೊತೆಯ ಟೀಚರ್‌ಗಳಲ್ಲಿ ಎಷ್ಟೋ ಜನರಿಗೆ ಈಗಲೂ ಗೊತ್ತಿಲ್ಲ. ಕಾರ್ಡಿನಲ್ಲಿ ನಲವತ್ತು, ಐವತ್ತು ದಿನ ಬಡ್ಡಿ ಇಲ್ಲ ಅನ್ನುತ್ತಾರಲ್ಲ, ಅದು ಹಿಂದಿನ ಬಿಲ್ಲನ್ನು ಪೂರ್ತಿ ಕಟ್ಟಿದವರಿಗೆ ಮಾತ್ರ. ಸ್ವಲ್ಪ ಬಾಕಿ ಉಳಿಸಿದರೂ ಹೊಸದಾಗಿ ಉಜ್ಜಿದ ಪ್ರತಿ ರೂಪಾಯಿಗೂ ಕೊಂಡ ದಿನದಿಂದಲೇ ಬಡ್ಡಿ ಶುರು. ಸೋಮವಾರ ಕಾರ್ಡಿನಲ್ಲಿ ತಂದ ಎಣ್ಣೆ ಪ್ಯಾಕೆಟ್‌ಗೆ ಸೋಮವಾರದಿಂದಲೇ ಶೇ. 42ರ ಬಡ್ಡಿ. ನಾವು ತಿಂಗಳಿಗೆ ಎರಡೂ ಕಾರ್ಡಿಗೆ ₹10,500 ಕಟ್ಟುತ್ತಿದ್ದೆವು, ಅದೇ ತಿಂಗಳು ₹9,000 ಉಜ್ಜುತ್ತಿದ್ದೆವು. ತೂತಾದ ಕೊಡಕ್ಕೆ ನೀರು ಹೊಯ್ದ ಹಾಗೆ.

ಹಾಗಾಗಿ ಎರಡನೇ ಕೆಲಸ, ಕಾರ್ಡ್ ಉಜ್ಜುವುದು ಅವತ್ತೇ ನಿಲ್ಲಿಸುವುದು. ಪರ್ಸಿನಿಂದ ತೆಗೆದಿಟ್ಟರೆ ಸಾಲದು. ಶಾಪಿಂಗ್ ಆ್ಯಪ್, ಊಟದ ಆ್ಯಪ್, ಯುಪಿಐ ಆ್ಯಪ್ ಎಲ್ಲ ಕಡೆಯಿಂದ ಕಾರ್ಡ್ ಅಳಿಸಿ. ಆಟೋ ಡೆಬಿಟ್ ಆಗುವ ಒಟಿಟಿ, ಮೊಬೈಲ್ ರೀಚಾರ್ಜ್ ಹುಡುಕಿ ತೆಗೆಯಿರಿ. ಬ್ಯಾಂಕಿನ ಆ್ಯಪಿನಲ್ಲಿ ಆನ್‌ಲೈನ್ ಬಳಕೆ, ಅಂಗಡಿ ಬಳಕೆ ಎರಡನ್ನೂ ಆಫ್ ಮಾಡುವ ಗುಂಡಿ ಇರುತ್ತದೆ, ಒತ್ತಿಬಿಡಿ.

ಕಷ್ಟ ಬರುವುದು ಮೊದಲ ತಿಂಗಳು. ಹಳೇ ಬಿಲ್ಲೂ ಕಟ್ಟಬೇಕು, ಈ ತಿಂಗಳ ದಿನಸಿಗೂ ಕೈಯಿಂದ ದುಡ್ಡು ಹಾಕಬೇಕು. ಎಷ್ಟೋ ಮನೆಗಳು ಜಾರುವುದು ಇಲ್ಲೇ. ನಮಗೆ ₹9,000 ಕಡಿಮೆ ಬಿತ್ತು. ಅತ್ತೆ ಸಾಸಿವೆ ಡಬ್ಬಿಯ ದುಡ್ಡು ತೆಗೆದು ಎಣಿಸಿದರು, ₹6,400 ಇತ್ತು. ಉಳಿದದ್ದಕ್ಕೆ ಹಳೇ ಪೇಪರು, ಮೂಲೆಯಲ್ಲಿದ್ದ ಮಕ್ಕಳ ಸೈಕಲ್ಲು, ಉಪಯೋಗಿಸದ ಮಿಕ್ಸಿ ಮಾರಿದೆವು. ಆ ಒಂದು ತಿಂಗಳು ದಾಟಲು ಎಲ್ಲಿಂದ ತರುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಿಕೊಳ್ಳಿ. ಕಾರ್ಡಿನಿಂದ ಎಟಿಎಂನಲ್ಲಿ ಕ್ಯಾಶ್ ಮಾತ್ರ ತೆಗೆಯಬೇಡಿ, ಅದಕ್ಕೆ ಶುಲ್ಕವೂ ಇದೆ, ತೆಗೆದ ದಿನದಿಂದಲೇ ಬಡ್ಡಿಯೂ ಇದೆ. ‘ಕಾರ್ಡ್ ಉಜ್ಜಿ, ಕಮಿಷನ್ ಹಿಡಿದು ಕ್ಯಾಶ್ ಕೊಡ್ತೀವಿ’ ಅನ್ನುವ ಅಂಗಡಿಗಳ ಹತ್ತಿರವೂ ಹೋಗಬೇಡಿ. ಸಾಲದ ಆ್ಯಪ್‌ಗಳಂತೂ ಬೇಡವೇ ಬೇಡ.

ಈಗ ಮುಖ್ಯ ವಿಷಯ. ಶೇ. 42ರ ಬಡ್ಡಿ ಓಡುತ್ತಿರುವಾಗ ಖರ್ಚು ಕಡಿಮೆ ಮಾಡಿ ಉಳಿಸುತ್ತೇನೆ ಅಂದರೆ ಮಧ್ಯಮ ಸಂಬಳದವರಿಗೆ ಆಗುವ ಮಾತಲ್ಲ. ಮೊದಲು ಬಡ್ಡಿಯನ್ನು ಇಳಿಸಬೇಕು, ಆಮೇಲೆ ಸಾಲವನ್ನು ತೀರಿಸಬೇಕು. ಇಳಿಸುವ ದಾರಿ ಮನೆಯಲ್ಲೇ ಇರುತ್ತದೆ: ಬಂಗಾರ, ಎಫ್‌ಡಿ, ಎಲ್‌ಐಸಿ ಪಾಲಿಸಿ, ಸೊಸೈಟಿ ಸಾಲ. ಇವೆಲ್ಲದರ ಬಡ್ಡಿ ಕಾರ್ಡಿನ ಬಡ್ಡಿಯ ಕಾಲುಭಾಗದ ಹತ್ತಿರ. ಚೀಟಿ ಎತ್ತುವುದಾದರೆ ಎಷ್ಟು ಕಸರು (ಬೇಗ ಎತ್ತಿದ್ದಕ್ಕೆ ಬಿಟ್ಟುಕೊಡುವ ದುಡ್ಡು) ಹೋಗುತ್ತದೆ ಅಂತ ಮೊದಲು ಲೆಕ್ಕ ಹಾಕಿ, ಅವಸರಕ್ಕೆ ಕೂಗಿದ ಚೀಟಿ ಕೆಲವೊಮ್ಮೆ ಕಾರ್ಡಿನಷ್ಟೇ ದುಬಾರಿ.

ಬಂಗಾರದ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ. ಅತ್ತೆಯೇ ಎತ್ತಿದರು. ‘ಬೀರುವಿನಲ್ಲಿ ಮಲಗಿರೋ ಸರ ಬೇಡ, ಅದು ನಿನ್ನ ಮಗಳ ಮದುವೆಗೆ ಅಂತ ಇಟ್ಟಿದ್ದು. ಈ ಬಳೆ ತಗೊಂಡು ಹೋಗು’ ಅಂತ ಕೈ ಚಾಚಿದರು. ನಾಲ್ಕು ಬಳೆ, 40 ಗ್ರಾಂ. ಎಷ್ಟೋ ವರ್ಷದಿಂದ ಕೈಯಿಂದ ಇಳಿದೇ ಇರಲಿಲ್ಲ. ಬಚ್ಚಲಿನಲ್ಲಿ ಕೂತು ಸೋಪು ಹಚ್ಚಿ, ಗೆಣ್ಣು ಒತ್ತಿ ಹಿಡಿದು ಒಂದೊಂದಾಗಿ ಜಾರಿಸಿದೆ. ಮೂರನೇ ಬಳೆಗೆ ಅವರು ಹಲ್ಲು ಕಚ್ಚಿದರು. ‘ಬಿಡಿ ಅತ್ತೆ, ಎರಡೇ ಸಾಕು’ ಅಂದೆ. ‘ಸಾಕಾಗಲ್ಲ ಅಂತ ನೀನೇ ಲೆಕ್ಕ ಹಾಕಿದ್ದೀಯಲ್ಲ, ಎಳಿ’ ಅಂದರು. ಬಳೆ ಇದ್ದ ಜಾಗದಲ್ಲಿ ಚರ್ಮ ಬೆಳ್ಳಗೆ, ಪಟ್ಟಿಪಟ್ಟಿಯಾಗಿ ಇತ್ತು.

ಬ್ಯಾಂಕಿನಲ್ಲಿ ಅಪ್ರೈಸರ್ ಒರೆಗಲ್ಲಿಗೆ ಉಜ್ಜಿ, ಆಸಿಡ್ ಹನಿ ಹಾಕಿ, ತೂಗಿ ಚೀಟಿ ಬರೆದರು. ಇಂಥ ಸಾಲಕ್ಕೆ ಆಗ ಬಂಗಾರದ ಬೆಲೆಯ ಶೇ. 75ರವರೆಗೆ ಮಾತ್ರ ಕೊಡುವ ನಿಯಮ. ನಾವು ₹1,42,000 ತೆಗೆದುಕೊಂಡೆವು, ಬಡ್ಡಿ ವರ್ಷಕ್ಕೆ ಶೇ. 9.5. ತಿಂಗಳಿಗೆ ಸುಮಾರು ₹1,124. ಅದೇ ಸಾಲಕ್ಕೆ ಕಾರ್ಡಿನಲ್ಲಿ ₹5,865 ಹೋಗುತ್ತಿತ್ತು. ಒಂದು ಪೈಸೆ ಖರ್ಚು ಕಡಿಮೆ ಮಾಡದೆಯೇ ತಿಂಗಳಿಗೆ ₹4,700ಕ್ಕೂ ಹೆಚ್ಚು ಉಳಿಯಿತು.

ಬಂಗಾರ ಇಡುವ ಮುಂಚೆ ನಾಲ್ಕು ವಿಷಯ ಕೇಳಿಕೊಳ್ಳಿ. ಮಧ್ಯೆ ಮಧ್ಯೆ ಸ್ವಲ್ಪ ಸ್ವಲ್ಪ ಕಟ್ಟಬಹುದಾ, ಕಟ್ಟಿದ ದಿನದಿಂದ ಬಡ್ಡಿ ಇಳಿಯುತ್ತದಾ, ಅವಧಿ ಎಷ್ಟು, ಅವಧಿ ಮುಗಿದರೆ ಹರಾಜಿಗೆ ಮುಂಚೆ ಎಷ್ಟು ದಿನದ ನೋಟಿಸು. ಬಳೆಗಳ ಫೋಟೋ ತೆಗೆದುಕೊಳ್ಳಿ, ತೂಕದ ಚೀಟಿ ಜೋಪಾನ. ಕಟ್ಟುವ ಖಾತ್ರಿ ಇಲ್ಲದಿದ್ದರೆ, ಅಂದರೆ ಸಂಬಳವೇ ನಿಂತಿದ್ದರೆ, ಬಂಗಾರ ಇಡಬೇಡಿ. ಕಾರ್ಡಿನ ಸಾಲಕ್ಕೆ ಒಡವೆ ಅಡವಿಲ್ಲ, ಈ ಸಾಲಕ್ಕೆ ಇದೆ.

ಕಾರ್ಡಿನ ಬಾಕಿ ತುಂಬುವಾಗ ನಾವು ಒಂದು ತಪ್ಪು ಮಾಡಿದೆವು. ಸ್ಟೇಟ್‌ಮೆಂಟಿನಲ್ಲಿದ್ದ ₹1,42,000 ಕಟ್ಟಿ ಮುಗಿಯಿತು ಅಂದುಕೊಂಡೆವು. ಮುಂದಿನ ತಿಂಗಳು ₹2,314 ಬಿಲ್ ಬಂತು. ಸ್ಟೇಟ್‌ಮೆಂಟ್ ಬಂದು ನಾವು ಕಟ್ಟುವವರೆಗಿನ ಹನ್ನೆರಡು ದಿನದ ಬಡ್ಡಿ, ಜಿಎಸ್‌ಟಿ ಸೇರಿ. ನೀವು ಕಟ್ಟುವ ದಿನ ಬೆಳಿಗ್ಗೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ‘ಇವತ್ತು ಕ್ಲೋಸ್ ಮಾಡಲು ಎಷ್ಟು’ ಅಂತಲೇ ಕೇಳಿ. ಆಮೇಲೂ ಇನ್ನೊಂದು ಬಿಲ್ ಬರುವವರೆಗೆ ಕಾಯಿರಿ.

ಬಾಕಿ ಸೊನ್ನೆ ಆದ ಕಾರ್ಡನ್ನು ಕ್ಲೋಸ್ ಮಾಡಿಸಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ₹1,42,000 ಲಿಮಿಟ್ ಮತ್ತೆ ಖಾಲಿ ಇದೆ ಅಂತ ಕಂಡರೆ ಮುಂದಿನ ಜೂನ್‌ನ ಫೀಸಿಗೆ ಕೈ ಅಲ್ಲಿಗೇ ಹೋಗುತ್ತದೆ, ಆಮೇಲೆ ಬಂಗಾರದ ಸಾಲವೂ ಕಾರ್ಡಿನ ಸಾಲವೂ ಎರಡೂ ಮನೆಯಲ್ಲಿ. ಬಾಕಿ ಇಲ್ಲದ ಕಾರ್ಡನ್ನು ಕ್ಲೋಸ್ ಮಾಡಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮಾಡಬೇಕು, ತಡ ಮಾಡಿದರೆ ದಿನಕ್ಕೆ ₹500 ನಿಮಗೆ ಕೊಡಬೇಕು ಅಂತ 2022ರ ರಿಸರ್ವ್ ಬ್ಯಾಂಕ್ ನಿಯಮ ಇದೆ. ಇಮೇಲ್‌ನಲ್ಲಿ ಕೇಳಿ, ಬಾಕಿ ಇಲ್ಲ ಅನ್ನುವ ‘ನೋ ಡ್ಯೂ’ ಪತ್ರ ಇಸ್ಕೊಳ್ಳಿ.

ನನ್ನ ಕಾರ್ಡಿನ ₹68,000 ಅನ್ನು ಬ್ಯಾಂಕಿನವರೇ ಕೊಡುವ ಇಎಂಐಗೆ ಬದಲಿಸಿದೆ. ಶೇ. 15 ಬಡ್ಡಿ, 12 ಕಂತು, ತಿಂಗಳಿಗೆ ₹6,138, ಬಡ್ಡಿಯ ಮೇಲೆ ಜಿಎಸ್‌ಟಿ ಬೇರೆ. ಫೋನಿನಲ್ಲಿ ಮೊದಲು ಹೇಳಿದ್ದು 36 ಕಂತು, ‘ಕಡಿಮೆ ಬೀಳುತ್ತೆ ಮೇಡಂ’ ಅಂತ. ಕಂತು ಕಡಿಮೆ, ಒಟ್ಟು ಬಡ್ಡಿ ಹತ್ತಿರ ಹತ್ತಿರ ಮೂರು ಪಟ್ಟು. ನಿಮ್ಮ ಕೈಗೆ ಎಟುಕುವ ಕಂತುಗಳಲ್ಲಿ ಅತಿ ಕಡಿಮೆ ಅವಧಿಯದನ್ನೇ ತೆಗೆದುಕೊಳ್ಳಿ.

ಡ್ಯೂ ಡೇಟ್ ಕೂಡ ನೋಡಿಕೊಳ್ಳಿ. ನಮ್ಮ ಡ್ಯೂ ಡೇಟ್ 2, ಸಂಬಳ ಬರುವುದು 5ರಿಂದ 7ರೊಳಗೆ. ಎಷ್ಟು ಸಲ ಸಾಲ ಮಾಡಿ ಕಟ್ಟಿದ್ದೇವೋ! ಬಿಲ್ಲಿಂಗ್ ದಿನ ಬದಲಿಸಿಕೊಳ್ಳುವ ಅವಕಾಶವನ್ನು ಬ್ಯಾಂಕ್ ಕೊಡಲೇಬೇಕು, ಕೇಳಿದರೆ ಆಗುತ್ತದೆ. ನಾನು ಡ್ಯೂ ಡೇಟ್ 12ಕ್ಕೆ ಹಾಕಿಸಿಕೊಂಡೆ.

ಉಳಿದದ್ದು ಮನೆಯ ಲೆಕ್ಕ. ಒಟ್ಟು ₹55,000ದಲ್ಲಿ ಬಾಡಿಗೆ 9,500, ದಿನಸಿ ಹಾಲು ತರಕಾರಿ 12,000, ಮಕ್ಕಳ ಶಾಲೆಗೆ ತಿಂಗಳ ಲೆಕ್ಕದಲ್ಲಿ 6,000, ಪೆಟ್ರೋಲ್ 3,000, ಎಲ್‌ಐಸಿ 2,200, ಗ್ಯಾಸ್ ಕರೆಂಟು ಫೋನು 2,800, ಅತ್ತೆಯ ಮಾತ್ರೆ 1,800, ಇತರೆ 3,700. ಒಟ್ಟು 41,000. ಉಳಿಯುವ 14,000ದಲ್ಲಿ ಇಎಂಐಗೆ ಸುಮಾರು 6,300, ಬಂಗಾರದ ಸಾಲಕ್ಕೆ 7,500. ಸಂಬಳ ಬಂದ ದಿನ ಸಂಜೆಯೇ ಈ ಎರಡೂ ಹೋಗಬೇಕು, ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟುತ್ತೇನೆ ಅಂದರೆ ಉಳಿಯುವುದಿಲ್ಲ.

ಮಾತ್ರೆ ಮತ್ತು ವಿಮೆ ಮುಟ್ಟಲಿಲ್ಲ. ಮಕ್ಕಳ ಹಾಲು ಮುಟ್ಟಲಿಲ್ಲ. ಆ್ಯಪಿನ ದಿನಸಿ ಬಿಟ್ಟು ತಿಂಗಳಿಗೊಮ್ಮೆ ಚೀಟಿ ಬರೆದು ಅಂಗಡಿಯಿಂದ ತಂದೆವು, ಅದೊಂದರಲ್ಲೇ ಹತ್ತಿರ ಹತ್ತಿರ ₹2,000 ಇಳಿಯಿತು. ಭಾನುವಾರದ ಹೋಟೆಲ್ ಬಿಟ್ಟೆವು, ಆದರೆ ಮಕ್ಕಳ ಹುಟ್ಟುಹಬ್ಬಕ್ಕೆ ಮಸಾಲೆ ದೋಸೆ ಇಟ್ಟುಕೊಂಡೆವು. 2023ರ ಆಗಸ್ಟ್‌ನಿಂದ ಗೃಹಜ್ಯೋತಿಯಲ್ಲಿ ಕರೆಂಟ್ ಬಿಲ್ ಸೊನ್ನೆ ಬಂತು, ಬಾಡಿಗೆ ಮನೆಯವರಿಗೂ ಸಿಗುತ್ತದೆ. ರೇಷನ್ ಕಾರ್ಡಿನಲ್ಲಿ ಅತ್ತೆ ಯಜಮಾನಿ, ಹಾಗಾಗಿ ಗೃಹಲಕ್ಷ್ಮಿಯ ₹2,000 ಅವರ ಖಾತೆಗೆ. ಅದು ತಿಂಗಳು ತಪ್ಪಿ ಬರುವುದೂ ಉಂಟು, ಆದ್ದರಿಂದ ಬಜೆಟ್‌ನಲ್ಲಿ ಸೇರಿಸಲಿಲ್ಲ. ಸಾಸಿವೆ ಡಬ್ಬಿ ಮತ್ತೆ ತುಂಬಲು ಬಿಟ್ಟೆವು. ಜ್ವರ ಬಂದಾಗ, ಬೈಕ್ ಕೆಟ್ಟಾಗ ಕಾರ್ಡಿನ ಬದಲು ಆ ಡಬ್ಬಿ ತೆರೆದೆವು.

ಕಂತು ಆಗಲೇ ತಪ್ಪಿ, ಫೋನುಗಳು ಬರುತ್ತಿರುವವರಿಗೆ ಎರಡು ಮಾತು. ವಸೂಲಿಯವರು ಬೆಳಿಗ್ಗೆ 8ರ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ಬೈಯುವಂತಿಲ್ಲ, ನೆಂಟರಿಷ್ಟರ ಮುಂದೆ ಮಾನ ಕಳೆಯುವಂತಿಲ್ಲ. ಬ್ಯಾಂಕಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಹಾಕಬಹುದು, ಖರ್ಚಿಲ್ಲ, ಸಹಾಯವಾಣಿ 14448. ‘ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ’ ಅಂದರೆ ಅವಸರಪಡಬೇಡಿ. ನಿಮ್ಮ ಸಾಲದ ದಾಖಲೆ ಇರುವ ಸಿಬಿಲ್‌ನಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಅಂತ ಬೀಳುತ್ತದೆ, ಮುಂದೆ ಮನೆ ಸಾಲ ಕೇಳುವಾಗ ಅಡ್ಡ ಬರುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಬ್ಯಾಂಕಿನ ಪತ್ರ ಕೈಗೆ ಬಂದ ಮೇಲೆ ಕಟ್ಟಿ, ಏಜೆಂಟನ ಬಾಯಿಮಾತಿಗೆ ಅಲ್ಲ. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವಂತಿಲ್ಲ ಅಂತ ಕೆಲವರು ಧೈರ್ಯ ಹೇಳುತ್ತಾರೆ. ಅದು ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶ, ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದು ಮಾಡಿದೆ. ಅದನ್ನು ನಂಬಿಕೊಂಡು ಕಟ್ಟದೆ ಕೂರಬೇಡಿ.

ಹನ್ನೆರಡು ತಿಂಗಳಿಗೆ ನನ್ನ ಕಾರ್ಡಿನ ಇಎಂಐ ಮುಗಿಯಿತು. ಆ ಕಾರ್ಡಿನ ಲಿಮಿಟ್ ₹20,000ಕ್ಕೆ ಇಳಿಸಿದೆ. ಬಂಗಾರದ ಸಾಲ ₹62,000ಕ್ಕೆ ಬಂದಿತ್ತು, ವರ್ಷದ ಅವಧಿ ಮುಗಿದದ್ದರಿಂದ ಅಷ್ಟಕ್ಕೆ ಹೊಸದಾಗಿ ಮಾಡಿಸಿಕೊಂಡೆವು. ಇಎಂಐನ ದುಡ್ಡನ್ನೂ ಇತ್ತ ತಿರುಗಿಸಿ ತಿಂಗಳಿಗೆ ₹13,500 ಕಟ್ಟಿದೆವು. 2024ರ ಸೆಪ್ಟೆಂಬರ್‌ನಲ್ಲಿ ಬಳೆ ಬಿಡಿಸಿಕೊಂಡೆವು. ಕೌಂಟರಿನಲ್ಲೇ ಚೀಲದ ಸೀಲು ನೋಡಿ, ಹಳೇ ಚೀಟಿ ಹಿಡಿದು ಮತ್ತೆ ತೂಗಿಸಿಕೊಳ್ಳಿ, ನಾವು ತೂಗಿಸಿದೆವು. ಅತ್ತೆ ಎರಡು ಬಳೆ ಹಾಕಿಕೊಂಡರು, ಎರಡನ್ನು ಮೊಮ್ಮಗಳಿಗೆ ಅಂತ ಸರದ ಜೊತೆ ಎತ್ತಿಟ್ಟರು.

ಸಾಲ ಮುಗಿದ ಮರು ತಿಂಗಳೇ, ಆ ದುಡ್ಡಿಗೆ ಬೇರೆ ಖರ್ಚು ಹುಟ್ಟುವ ಮುಂಚೆ, ಅದರಲ್ಲಿ ₹5,000ಕ್ಕೆ ಆರ್‌ಡಿ ಶುರು ಮಾಡಿ, ಉಳಿದದ್ದರಲ್ಲಿ ಆರೋಗ್ಯ ವಿಮೆ ಮಾಡಿಸಿದೆವು. ನಮ್ಮ ಸಾಲ ಹುಟ್ಟಿದ್ದೇ ಆಸ್ಪತ್ರೆ ಬಿಲ್ಲಿನಿಂದ. ಆರ್‌ಡಿ ಪುಸ್ತಕದ ಮೇಲೆ ಅತ್ತೆ ನನ್ನ ಮಗಳ ಕೈಯಲ್ಲಿ ‘ಆಸ್ಪತ್ರೆ’ ಅಂತ ಬರೆಸಿದ್ದಾರೆ.