ಟಿ ಕೋಶ ಬಂತು ಸರಿ, ಎಲ್ಲಿಂದ ಬಂತು?

ಸ್ಕಿಡ್ ಅನ್ನುವ ಕಾಯಿಲೆ ಇರುವ ಮಗುವಿಗೆ ಹುಟ್ಟಿನಿಂದಲೇ ತನ್ನದೇ ಆದ ಟಿ ಕೋಶಗಳಿರುವುದಿಲ್ಲ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು. ಸಣ್ಣ ಸೋಂಕೂ ಜೀವಕ್ಕೆ ಕುತ್ತು. 1968ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ರಾಬರ್ಟ್ ಗುಡ್ ಅವರ ತಂಡ ಇಂಥ ಒಂದು ಕೂಸಿಗೆ ಅಕ್ಕನ ಅಸ್ಥಿಮಜ್ಜೆ ಕೊಟ್ಟು ಉಳಿಸಿತು. ಕಸಿಯಾದ ಮೇಲೆ ಮಗುವಿನ ರೋಗನಿರೋಧಕ ಶಕ್ತಿ ಹೇಗೆ ಕಟ್ಟಿಕೊಳ್ಳುತ್ತದೆ ಅಂತ ನೋಡುವುದು ಲ್ಯಾಬಿನಲ್ಲಿ ನನ್ನ ಕೆಲಸ.

ನನ್ನ ಕೈಗೆ ಬರುವುದು ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಚೂರೇ ಚೂರು ರಕ್ತ. ಕೂಸಿನ ಮೈಯಿಂದ ಜಾಸ್ತಿ ಕೇಳಲು ಮನಸ್ಸೂ ಬರುವುದಿಲ್ಲ. ಫೈಕಾಲ್ ದ್ರವದ ಮೇಲೆ ಅದನ್ನು ಮೆಲ್ಲಗೆ ಬಿಟ್ಟು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತೇನೆ. ಕೆಂಪು ಕಣಗಳು ತಳ ಸೇರುತ್ತವೆ, ಮೇಲೆ ಹಳದಿ ಪ್ಲಾಸ್ಮಾ ನಿಲ್ಲುತ್ತದೆ. ಪ್ಲಾಸ್ಮಾದ ಕೆಳಗೆ ತೆಳ್ಳಗೆ, ಮಬ್ಬಾಗಿ ಒಂದು ಬಿಳಿ ಪದರ. ನನಗೆ ಬೇಕಾದದ್ದು ಅದು. ಪೈಪೆಟ್ ಇಳಿಸುವಾಗ ಕೈ ಅಲುಗಬಾರದು.

ಕೋಶ ದಾನಿಯದ್ದೋ ಮಗುವಿನದ್ದೋ ಅಂತ ಡಿಎನ್‌ಎ ಗುರುತಿನಿಂದ ಗೊತ್ತಾಗುತ್ತದೆ. ಎಷ್ಟಿವೆ ಅಂತ ಫ್ಲೋ ಸೈಟೋಮೀಟರ್ ಹೇಳುತ್ತದೆ. ಆದರೆ ಬರೀ ಎಣಿಕೆ ನೋಡಿ ಖುಷಿಪಡಬಾರದು. ಮಜ್ಜೆಯ ಜೊತೆ ದಾನಿಯ ಬಲಿತ ಟಿ ಕೋಶಗಳೂ ಬಂದಿರುತ್ತವೆ. ಅವೇ ಒಡೆದು ಒಡೆದು ಹೆಚ್ಚಾದರೂ ಲೆಕ್ಕ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ? ಅವುಗಳಿಗೆ ಹೆಚ್ಚಾಗಿ ಗೊತ್ತಿರುವುದು ದಾನಿಯ ದೇಹ ಹಿಂದೆ ಎದುರಿಸಿದ ರೋಗಾಣುಗಳು. ಬಗೆಬಗೆಯ ಹೊಸ ಕೋಶಗಳು ತಯಾರಾಗಬೇಕಾದದ್ದು ಮಗುವಿನದ್ದೇ ಥೈಮಸ್‌ನಲ್ಲಿ, ಎದೆಮೂಳೆಯ ಹಿಂದಿರುವ ಗ್ರಂಥಿಯಲ್ಲಿ.

ಅದನ್ನು ತೋರಿಸುವುದು ಟ್ರೆಕ್. ಥೈಮಸ್‌ನಲ್ಲಿ ಟಿ ಕೋಶ ರೂಪುಗೊಳ್ಳುವಾಗ ಡಿಎನ್‌ಎಯ ಒಂದು ತುಂಡು ಕತ್ತರಿಸಿಕೊಂಡು ಬಳೆಯಂತೆ ಕೂಡಿಕೊಳ್ಳುತ್ತದೆ. ಆ ಬಳೆಯೇ ಟ್ರೆಕ್. ಕೋಶ ಎರಡಾದರೂ ಈ ಬಳೆ ಎರಡಾಗುವುದಿಲ್ಲ, ಒಂದು ಕೋಶಕ್ಕಷ್ಟೇ ಹೋಗುತ್ತದೆ. ಹಾಗಾಗಿ ಟ್ರೆಕ್ ಜಾಸ್ತಿ ಇದ್ದರೆ ಕೋಶಗಳು ಥೈಮಸ್‌ನಿಂದ ಇತ್ತೀಚೆಗಷ್ಟೇ ಹೊರಬಂದಿವೆ ಅಂತ ಅರ್ಥ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 2008ರಿಂದ ಹಸುಗೂಸುಗಳ ಹಿಮ್ಮಡಿಯ ರಕ್ತದ ಚುಕ್ಕೆಯಲ್ಲೇ ಟ್ರೆಕ್ ಇದೆಯೇ ಅಂತ ನೋಡಿ ಸ್ಕಿಡ್ ಹುಡುಕುತ್ತಿದ್ದಾರೆ. ನಮ್ಮ ದೇಶದ ಪ್ರತಿ ಹೆರಿಗೆ ಆಸ್ಪತ್ರೆಯಲ್ಲೂ ಇದು ಆಗಬೇಕು. ಇಲ್ಲಿ ಹುಟ್ಟಿದ ಕೂಡಲೇ ಬಿಸಿಜಿ ಹಾಕುತ್ತೇವೆ. ಸ್ಕಿಡ್ ಇರುವ ಮಗುವಿನಲ್ಲಿ ಆ ಲಸಿಕೆಯ ಬ್ಯಾಕ್ಟೀರಿಯಾವೇ ಮೈಯೆಲ್ಲ ಹರಡಬಹುದು.

ಕಸಿಯಾದ ಮೊದಲ ವಾರಗಳಲ್ಲಿ, ಟ್ರೆಕ್ ಅಳೆಯುವ ಪಿಸಿಆರ್ ಪರೀಕ್ಷೆಯ ಗೆರೆ ಮಲಗಿಯೇ ಇರುತ್ತದೆ. ಕೆಲವು ತಿಂಗಳ ಮೇಲೆ ಏಳತೊಡಗುತ್ತದೆ. ಅದು ಎದ್ದ ದಿನ ಪಕ್ಕದ ಬೆಂಚಿನವರನ್ನು ಕರೆದು ತೋರಿಸುತ್ತೇನೆ. ದಾನಿಯ ಕೋಶಗಳು ಮಗುವಿನ ಮೇಲೆಯೇ ತಿರುಗಿಬಿದ್ದರೆ ಥೈಮಸ್‌ಗೂ ಪೆಟ್ಟು ಬೀಳುತ್ತದೆ, ಗೆರೆ ತಡವಾಗುತ್ತದೆ. ದಡಾರದ ಲಸಿಕೆಯಂಥ ಜೀವಂತ ಲಸಿಕೆಗಳಿಗೆ ವೈದ್ಯರು ಸಾಮಾನ್ಯವಾಗಿ 2 ವರ್ಷವಾದರೂ ಕಾಯುತ್ತಾರೆ. ಆ ಮಾತು ಬಂದಾಗ ನಾನು ಕಳಿಸುವ ವರದಿಯಲ್ಲಿ ಎಣಿಕೆಯ ಪಕ್ಕದಲ್ಲೇ ಟ್ರೆಕ್ ಕೂಡ ಇರುತ್ತದೆ.