ಈ ಜಡ್ಜ್ ನಮ್ಮ ಕೇಸ್ ಕೇಳಬಾರದು ಅನಿಸಿದರೆ ಏನು ಮಾಡಬೇಕು?

ಮಡಿಕೇರಿ, ವಿರಾಜಪೇಟೆ ಕೋರ್ಟುಗಳಲ್ಲಿ ವಕೀಲಿಕೆ ಮಾಡುವ ನನಗೆ ಕಕ್ಷಿದಾರರು ಪದೇ ಪದೇ ಕೇಳುವ ಮಾತು: "ಸಾರ್, ಈ ಜಡ್ಜ್ ಎದುರು ಪಾರ್ಟಿಗೆ ಬೇಕಾದವರಂತೆ. ಕೇಸನ್ನು ಬೇರೆಯವರ ಮುಂದೆ ಹಾಕಿಸೋಕೆ ಆಗುತ್ತಾ?" ಆಗುತ್ತೆ. ಆದರೆ ಬರೀ ಅಂತೆಕಂತೆ ಸಾಲದು.

ಮೊದಲು ನಂಟು ಏನೆಂದು ಬರೆದುಕೊಳ್ಳಿ. ದುಡ್ಡಿನದಾ, ನೆಂಟಸ್ತಿಕೆಯಾ, ಹಳೆಯ ವಕೀಲಿಕೆಯದಾ? ಕೊಡಗು ಸಣ್ಣ ಜಿಲ್ಲೆ. ಹಾಕಿ ಪಂದ್ಯದಲ್ಲಿ ಅಕ್ಕಪಕ್ಕ ಕೂತಿದ್ದು, ಒಂದೇ ಮದುವೆಯಲ್ಲಿ ಊಟ ಮಾಡಿದ್ದು ಕಾರಣವಾಗಲ್ಲ. ನಿಮ್ಮ ವಿರುದ್ಧ ಒಂದು ಆದೇಶ ಬಂತು ಅನ್ನೋದೂ ಕಾರಣವಲ್ಲ, ಅದಕ್ಕೆ ಮೇಲ್ಮನವಿ ಇದೆ. ಆದರೆ ಈಗ ಪೀಠದಲ್ಲಿರುವವರು ಹಿಂದೆ ನಿಮ್ಮದೇ ಜಮ್ಮಾ ಜಮೀನಿನ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮೀನು) ತಕರಾರಿನಲ್ಲಿ ಎದುರು ಕಡೆಗೆ ವಕಾಲತ್ತು ಹಾಕಿದ್ದರೆ? ಆ ವಕಾಲತ್ತಿನ ನಕಲು ತೆಗೆಸಿ. ಅದು ಗಟ್ಟಿ ಕಾರಣ.

ಜಡ್ಜ್ ಕೆಟ್ಟವರು ಅಂತ ಸಾಬೀತು ಮಾಡಬೇಕಿಲ್ಲ. ನಿಮ್ಮ ಜಾಗದಲ್ಲಿ ಯಾರೇ ಇದ್ದರೂ ನ್ಯಾಯವಾಗಿಯೇ ಅನುಮಾನಪಡುವಂತಿದ್ದರೆ ಸಾಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಜಡ್ಜ್‌ಗಳು ಚುನಾವಣೆಗೆ ನಿಲ್ಲುತ್ತಾರೆ, ಅಲ್ಲಿ ಈ ಮಾತು ಇನ್ನೂ ಚೆನ್ನಾಗಿ ಕಾಣುತ್ತದೆ. ವೆಸ್ಟ್ ವರ್ಜೀನಿಯಾದಲ್ಲಿ ಮ್ಯಾಸಿ ಎಂಬ ಕಲ್ಲಿದ್ದಲು ಕಂಪನಿ 5 ಕೋಟಿ ಡಾಲರ್ ಪರಿಹಾರದ ಕೇಸ್ ಸೋತಿತ್ತು. ಮೇಲ್ಮನವಿ ಹೋಗಬೇಕಿದ್ದ ಕೋರ್ಟಿಗೇ 2004ರಲ್ಲಿ ಚುನಾವಣೆ ಬಂತು. ಬ್ರೆಂಟ್ ಬೆಂಜಮಿನ್ ಎಂಬ ಅಭ್ಯರ್ಥಿ ಗೆಲ್ಲಲೆಂದು ಕಂಪನಿಯ ಮುಖ್ಯಸ್ಥ ಸುಮಾರು 30 ಲಕ್ಷ ಡಾಲರ್ ಸುರಿದ. ಬೆಂಜಮಿನ್ ಗೆದ್ದರು, ಕೇಸಿನಿಂದ ಹಿಂದೆ ಸರಿಯಲ್ಲ ಅಂದರು, ತೀರ್ಪು 3-2ರಲ್ಲಿ ಕಂಪನಿ ಪರ ಬಂತು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ, ಅವರು ಹಿಂದೆ ಸರಿಯಲೇಬೇಕಿತ್ತು ಎಂದಿತು. ಅವರು ನಿಜವಾಗಿ ಪಕ್ಷಪಾತ ಮಾಡಿದರು ಅಂತ ಕೋರ್ಟ್ ಹೇಳಲಿಲ್ಲ. ಆ ಅಪಾಯವೇ ಜಾಸ್ತಿ ಇತ್ತು ಎಂದಿತು. ಟೆಕ್ಸಾಸ್‌ನಂಥ ಕಡೆ ವೋಟು ಇರುವ ನಮ್ಮವರಿಗೂ ಹೇಳುತ್ತೇನೆ: ಜಡ್ಜ್ ಅಭ್ಯರ್ಥಿಯ ಭಾಷಣಕ್ಕಿಂತ ಮೊದಲು ದೇಣಿಗೆ ಕೊಟ್ಟವರ ಪಟ್ಟಿ ನೋಡಿ.

ಇನ್ನು ಸಮಯ. ಇದರಲ್ಲೇ ಜನ ಸೋಲುವುದು. 1957ರಲ್ಲಿ ನಮ್ಮ ಸುಪ್ರೀಂ ಕೋರ್ಟಿಗೆ ಮಾಣಕ್ ಲಾಲ್ ಎಂಬ ವಕೀಲರ ಕೇಸ್ ಬಂದಿತ್ತು. ಅವರ ಮೇಲಿನ ದೂರು ವಿಚಾರಿಸಿದ ಸಮಿತಿಯ ಅಧ್ಯಕ್ಷರು ಹಿಂದೆ ದೂರುದಾರರ ಪರ ವಾದಿಸಿದ್ದವರು. ಅವರು ಅಲ್ಲಿ ಕೂರಬಾರದಿತ್ತು ಅಂತ ಕೋರ್ಟೇ ಒಪ್ಪಿತು. ಆದರೂ ಮಾಣಕ್ ಲಾಲ್ ಸೋತರು. ಗೊತ್ತಿದ್ದೂ ವಿಚಾರಣೆ ಮುಗಿಯುವ ತನಕ ಸುಮ್ನಿದ್ದರು, ಅದಕ್ಕೆ. ಹಾಗಾಗಿ ತಿಳಿದ ಮೊದಲ ವಾಯಿದೆಯಲ್ಲೇ ಹೇಳಿ.

ಮೊದಲು ನಿಮ್ಮ ವಕೀಲರ ಮೂಲಕ ಅದೇ ಜಡ್ಜ್ ಮುಂದೆ ಮರ್ಯಾದೆಯಿಂದ ವಿಷಯ ಇಡಿ, ಲಿಖಿತವಾಗಿ. ಎಷ್ಟೋ ಜಡ್ಜ್‌ಗಳು ತಾವೇ ಬಿಟ್ಟುಕೊಡುತ್ತಾರೆ. ಒಪ್ಪದಿದ್ದರೆ ಸಿವಿಲ್ ಕೇಸಿಗೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 24ನೇ ಕಲಂನಡಿ ಜಿಲ್ಲಾ ನ್ಯಾಯಾಲಯಕ್ಕೆ ಅಥವಾ ಹೈಕೋರ್ಟಿಗೆ ವರ್ಗಾವಣೆ ಅರ್ಜಿ ಹಾಕಬಹುದು. ಜಿಲ್ಲಾ ನ್ಯಾಯಾಧೀಶರ ಮೇಲೆಯೇ ಆಕ್ಷೇಪಣೆ ಇದ್ದರೆ ನೇರ ಹೈಕೋರ್ಟಿಗೆ ಹೋಗಿ. ಅಫಿಡವಿಟ್‌ನಲ್ಲಿ ತಾರೀಕು, ಹೆಸರು, ದಾಖಲೆ ಮಾತ್ರ ಇರಲಿ. ಬೈಗುಳ ಬೇಡ, ನ್ಯಾಯಾಂಗ ನಿಂದನೆಯ ಕೇಸ್ ನಿಮ್ಮ ಮೇಲೇ ಬಂದೀತು. ನೀವು ಆಕ್ಷೇಪಣೆ ಹೇಳಿದ ದಿನದ ಆರ್ಡರ್ ಶೀಟಿನ (ಆ ದಿನ ಕೋರ್ಟಿನಲ್ಲಿ ಏನಾಯಿತೆಂದು ಬರೆದಿಡುವ ಹಾಳೆ) ದೃಢೀಕೃತ ನಕಲಿಗೂ ಅರ್ಜಿ ಕೊಟ್ಟುಬಿಡಿ. ನೀವು ಸಮಯಕ್ಕೆ ಆಕ್ಷೇಪಿಸಿದಿರಿ ಅಂತ ಮೇಲಿನ ಕೋರ್ಟಿಗೆ ತೋರಿಸಲು ಅದು ಬೇಕು.